ಒಂದೇ ಟೈಮರ್‌ನಲ್ಲಿ ಡಿಸ್‌ಪ್ಲೇ ಬೆಳಕು ಹಿಡಿತಕ್ಕೆ ಬಂದದ್ದು: ನನ್ನ ಅನುಭವ

ಹಗಲಿನಲ್ಲಿ ಸ್ಪಷ್ಟವಾಗಿ ಕಾಣುವ, ಕತ್ತಲೆ ಕೋಣೆಯಲ್ಲಿ ಕಣ್ಣಿಗೆ ಚುಚ್ಚದ ನಾಲ್ಕಂಕಿಯ ಸೆವೆನ್ ಸೆಗ್ಮೆಂಟ್ ಡಿಸ್‌ಪ್ಲೇಯನ್ನು (ಒಂದೊಂದು ಅಂಕಿಯೂ ಏಳು ಎಲ್‌ಇಡಿ ಗೆರೆಗಳಿಂದ ಆದದ್ದು) ಪ್ರತ್ಯೇಕ ಡ್ರೈವರ್ ಚಿಪ್ ಇಲ್ಲದೆ ಮಾಡಲಾಗದು ಎಂದು ನನಗೆ ಹೇಳದವರಿಲ್ಲ. ಮಲ್ಟಿಪ್ಲೆಕ್ಸಿಂಗ್ (ಅಂಕಿಗಳನ್ನು ಒಂದೊಂದಾಗಿ ಸರದಿಯಂತೆ ವೇಗವಾಗಿ ಬೆಳಗಿಸುವುದು) ಮತ್ತು ಪಿಡಬ್ಲ್ಯುಎಂ (ವೇಗವಾಗಿ ಆನ್-ಆಫ್ ಮಾಡಿ, ಆನ್ ಇರುವ ಹೊತ್ತಿನಿಂದ ಬೆಳಕನ್ನು ಹತೋಟಿಯಲ್ಲಿಡುವುದು) ಎರಡನ್ನೂ ಆರ್ಡುಯಿನೋದ ಮೈಕ್ರೊಕಂಟ್ರೋಲರ್ ಎಟಿಮೆಗಾ328ಪಿ ಒಂದರ ಮೇಲೆ ಹೇರಿದರೆ ಮಿನುಗು ತಪ್ಪದು ಎಂಬುದು ಅವರ ವಾದ. ಈಗ ನನ್ನ ಬೋರ್ಡಿನಲ್ಲಿ ಅವೆರಡೂ ಒಂದೇ ಟೈಮರ್‌ನಿಂದ ನಡೆಯುತ್ತಿವೆ. ವಾದಿಸಿದವರಲ್ಲೇ ಇಬ್ಬರು ಸರ್ಕ್ಯೂಟ್ ಕೇಳಿ ಪಡೆದಿದ್ದಾರೆ.

ಮೊದಲು ಕರೆಂಟನ್ನೇ ತಗ್ಗಿಸಿ ನೋಡಿದ್ದೆ. ಅರ್ಧಕ್ಕೆ ಇಳಿಸುವವರೆಗೆ ಎಲ್ಲವೂ ಚೆನ್ನಾಗಿತ್ತು, ಅದಕ್ಕಿಂತ ಬಹಳ ಕೆಳಗೆ ಹೋದಾಗ ಒಂದೇ ಅಂಕಿಯ ಸೆಗ್ಮೆಂಟುಗಳು ಒಂದೊಂದು ಬಗೆಯಾಗಿ ಮಂಕಾಗಿ, 8 ಎಂಬುದು ದೂರದಿಂದ 6ರಂತೆ ಕಾಣತೊಡಗಿತು. ಶುದ್ಧ ಹಸಿರಿನ ಡಿಸ್‌ಪ್ಲೇಯಲ್ಲಿ ಬಣ್ಣವೂ ತುಸು ಹಳದಿಯತ್ತ ವಾಲಿತು. ಬಳಿಕ ಎಲ್ಲರ ಮಾತಿಗೆ ಕಿವಿಗೊಟ್ಟು ಮ್ಯಾಕ್ಸ್7219 ಎಂಬ ಡಿಸ್‌ಪ್ಲೇ ಡ್ರೈವರ್ ಚಿಪ್ ತಂದೆ. ಅದರಲ್ಲಿ ಬೆಳಕಿನ 16 ಹಂತಗಳಿವೆ, ಕನಿಷ್ಠ ಹಂತದಲ್ಲಿ ಬೆಳಗುವುದು ಹೊತ್ತಿನ 1/32 ಭಾಗ. ಕಾಗದದ ಮೇಲೆ ಇದು ಬಹಳ ಕಡಿಮೆ ಎನಿಸುತ್ತದೆ, ಆದರೆ ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಅದು ಇನ್ನೂ ದೀಪವೇ. ಮೇಲಾಗಿ ಕೆಳಗಿನ ಎರಡು ಹಂತಗಳ ನಡುವಿನ ನೆಗೆತ ಎದ್ದು ಕಾಣುತ್ತದೆ. ಆ ಒಂದು ಚಿಪ್ಪಿಗೆ ಕೊಟ್ಟ ಹಣದಲ್ಲಿ 74ಎಚ್‌ಸಿ595 (ಸೆಗ್ಮೆಂಟುಗಳನ್ನು ನಡೆಸುವ ಶಿಫ್ಟ್ ರಿಜಿಸ್ಟರ್ ಚಿಪ್), ಟ್ರಾನ್ಸಿಸ್ಟರ್, ರೆಸಿಸ್ಟರ್‌ಗಳ ಮೂರ್ನಾಲ್ಕು ಸೆಟ್ ಬರುತ್ತಿತ್ತು. ಅದಕ್ಕೆಂದೇ ಮಾಡಿಸಿದ ಬೋರ್ಡುಗಳ ಖರ್ಚು ಬೇರೆ.

ಹಾಗಾಗಿ 595ಕ್ಕೇ ಮರಳಿ, ಅದರ ಒಇ (ಔಟ್‌ಪುಟ್ ಎನೇಬಲ್, ಸೆಗ್ಮೆಂಟುಗಳನ್ನೆಲ್ಲ ಒಟ್ಟಿಗೆ ಬೆಳಗಿಸುವ-ಆರಿಸುವ) ಪಿನ್ನಿಗೆ ಆರ್ಡುಯಿನೋದ ಮಾಮೂಲಿ ಪಿಡಬ್ಲ್ಯುಎಂ ಕೊಟ್ಟೆ. ಅಂಕಿಗಳ ಸರದಿ ಸೆಕೆಂಡಿಗೆ 1000 ಬಾರಿ ಬದಲಾಗುತ್ತಿತ್ತು, ಪಿನ್ 5ರ ಪಿಡಬ್ಲ್ಯುಎಂ ಸುಮಾರು 976 ಹರ್ಟ್ಸ್. ಎರಡರ ವ್ಯತ್ಯಾಸವಾದ 24 ಹರ್ಟ್ಸ್ ಕಣ್ಣಿಗೆ ನೇರವಾಗಿ ಸಿಕ್ಕಿತು: ಬೆಳಕು ಅಂಕಿಯಿಂದ ಅಂಕಿಗೆ ತೆವಳುತ್ತಿತ್ತು. ಮಿನುಗು ತಪ್ಪದು ಎಂದವರು ಇದನ್ನೇ ಕಂಡಿರಬೇಕು. ಪಿಡಬ್ಲ್ಯುಎಂ ವೇಗವನ್ನು ಹೆಚ್ಚಿಸುವುದು ಇದಕ್ಕೆ ಮದ್ದಲ್ಲ. ಎರಡನ್ನೂ ಒಂದೇ ನೊಗಕ್ಕೆ ಕಟ್ಟಬೇಕು.

ಕಟ್ಟಿದ್ದು ಹೀಗೆ. ಚಿಪ್ಪಿನ ಟೈಮರ್1 ಅನ್ನು ಫಾಸ್ಟ್ ಪಿಡಬ್ಲ್ಯುಎಂ ಮೋಡ್ 14ರಲ್ಲಿ, ಪ್ರಿಸ್ಕೇಲರ್ ಇಲ್ಲದೆ (16 ಮೆಗಾಹರ್ಟ್ಸ್ ಗಡಿಯಾರದ ಪೂರ್ತಿ ವೇಗದಲ್ಲಿ), ಎಣಿಕೆಯ ಮೇಲ್ಮಿತಿಯಾದ ಐಸಿಆರ್1 ರಿಜಿಸ್ಟರ್‌ನಲ್ಲಿ 15999 ಇಟ್ಟು ಓಡಿಸಿದೆ. ಅಂದರೆ ಒಂದು ಸರದಿಗೆ 1 ಮಿಲಿಸೆಕೆಂಡ್, ಅದರೊಳಗೆ 16000 ಹೆಜ್ಜೆ. ಎಣಿಕೆ ಮುಗಿದಾಗ ಏಳುವ ಓವರ್‌ಫ್ಲೋ ಇಂಟರಪ್ಟ್ (ಉಳಿದ ಕೋಡನ್ನು ತಡೆದು ಓಡುವ ತುಣುಕು) ಅಂಕಿಯನ್ನು ಬದಲಿಸುತ್ತದೆ. ಬೆಳಗಿಸುವ ಕೆಲಸ ಸಾಫ್ಟ್‌ವೇರ್‌ನದಲ್ಲ, ಪಿನ್ 10ರಲ್ಲಿರುವ ಟೈಮರ್‌ನ ಸ್ವಂತ ಔಟ್‌ಪುಟ್ ಒಸಿ1ಬಿ ನೇರವಾಗಿ ಒಇಗೆ ಹೋಗುತ್ತದೆ. ಇದನ್ನು ಇಂಟರಪ್ಟ್‌ನಿಂದ ಮಾಡಿಸಿದಾಗ ಸೀರಿಯಲ್ ಪೋರ್ಟ್‌ನಲ್ಲಿ ಡೇಟಾ ಓಡಾಡಿದಾಗಲೆಲ್ಲ ಒಂದೆರಡು ಮೈಕ್ರೋಸೆಕೆಂಡಿನ ಪಲ್ಸ್ ಇಮ್ಮಡಿ, ಮುಮ್ಮಡಿಯಾಗಿ, ರಾತ್ರಿಯ ಮಟ್ಟದಲ್ಲಿ ಡಿಸ್‌ಪ್ಲೇ ಬೆಚ್ಚಿಬೀಳುತ್ತಿತ್ತು.

ಒಇ ಕೆಳಮಟ್ಟದಲ್ಲಿ ಕೆಲಸ ಮಾಡುವ ಪಿನ್, ಅಂದರೆ ಅದರ ವೋಲ್ಟೇಜ್ ಇಳಿದಾಗ ಡಿಸ್‌ಪ್ಲೇ ಬೆಳಗುತ್ತದೆ. ಆದ್ದರಿಂದ ಔಟ್‌ಪುಟ್ ಅನ್ನು ನಾನ್-ಇನ್ವರ್ಟಿಂಗ್ ಆಗಿಯೇ (ಮೊದಲು ಮೇಲ್ಮಟ್ಟ, ಆಮೇಲೆ ಕೆಳಮಟ್ಟ) ಬಿಟ್ಟರೆ ಸರದಿಯ ಮೊದಲ ಭಾಗ ಕತ್ತಲೆ, ಬೆಳಕೇನಿದ್ದರೂ ಕೊನೆಯಲ್ಲಿ. ಇದರ ಲಾಭ ದೊಡ್ಡದು. ಹೊಸ ಅಂಕಿಯ ಡೇಟಾ ಶಿಫ್ಟ್ ಆಗುವುದು, ಹಳೆಯ ಅಂಕಿಯ ಟ್ರಾನ್ಸಿಸ್ಟರ್ ನಿಧಾನವಾಗಿ ಆರುವುದು, ಹೊಸದು ಪೂರ್ತಿ ತೆರೆಯುವುದು ಎಲ್ಲವೂ ಕತ್ತಲೆಯಲ್ಲೇ ಮುಗಿದಿರುತ್ತವೆ. ಪಕ್ಕದ ಅಂಕಿಯ ನೆರಳು ಒಂದಿಷ್ಟೂ ಉಳಿಯಲಿಲ್ಲ. ಗರಿಷ್ಠ ಬೆಳಕಿನಲ್ಲೂ ಸುಮಾರು 40 ಮೈಕ್ರೋಸೆಕೆಂಡ್ ಕತ್ತಲೆ ಉಳಿಸುತ್ತೇನೆ, ಹಾಗಾಗಿ ಕತ್ತಲೆ ಎಷ್ಟು ಹೆಜ್ಜೆ ಎಂದು ಹೇಳುವ ಒಸಿಆರ್1ಬಿ ರಿಜಿಸ್ಟರ್ 640ಕ್ಕಿಂತ ಕೆಳಗಿಳಿಯುವುದಿಲ್ಲ. ಅದು ಐಸಿಆರ್1ಕ್ಕೆ ಸಮನಾದರೆ ಡಿಸ್‌ಪ್ಲೇ ಪೂರ್ತಿ ಆರುತ್ತದೆ. ಈ ರಿಜಿಸ್ಟರ್ ಡಬಲ್ ಬಫರ್ ಆದ್ದರಿಂದ ಈಗ ಬರೆದದ್ದು ಮುಂದಿನ ಸರದಿಗೆ ಅನ್ವಯಿಸುತ್ತದೆ ಎಂಬುದನ್ನು ಕೋಡ್ ಬರೆಯುವಾಗ ಲೆಕ್ಕಕ್ಕೆ ಹಿಡಿಯಬೇಕು. ಸೆಗ್ಮೆಂಟಿಗೆ 8 ಮಿಲಿಆಂಪಿಯರ್ ಇಟ್ಟಿದ್ದೇನೆ. ದಶಮಾಂಶ ಬಿಂದು ಸೇರಿ ಎಂಟೂ ಉರಿದರೆ 64, 595ರ ಒಟ್ಟು ಮಿತಿ 70.

ಬೆಳಕಿನ ಹಂತಗಳನ್ನು ಸರಳ ಗಣಿತದಲ್ಲಿ ಹಂಚಿದರೆ ಮೇಲಿನ ಅರ್ಧವೆಲ್ಲ ಒಂದೇ ತೆರನಾಗಿ ಕಾಣುತ್ತದೆ. ಕಣ್ಣು ಬೆಳಕನ್ನು ಗ್ರಹಿಸುವ ರೀತಿಯನ್ನು ಹೇಳುವ ಸಿಐಇ ಲೈಟ್‌ನೆಸ್ ಸೂತ್ರದಿಂದ 64 ಹಂತಗಳ ಟೇಬಲ್ ಮಾಡಿಕೊಂಡೆ. ಆ ಸೂತ್ರದಲ್ಲಿ ಕಣ್ಣಿಗೆ ತೋರುವ ಬೆಳಕಿನ ನೂರರಲ್ಲಿ ಒಂದು ಭಾಗಕ್ಕೆ 16000ದಲ್ಲಿ ಸುಮಾರು 18 ಹೆಜ್ಜೆಗಳಷ್ಟೇ, ಅಂದರೆ 1 ಮೈಕ್ರೋಸೆಕೆಂಡಿಗಿಂತ ತುಸು ಹೆಚ್ಚು. 8 ಬಿಟ್‌ನಲ್ಲಿ (256 ಹೆಜ್ಜೆಗಳಲ್ಲಿ) ಇದು ಕನಸಿನ ಮಾತು.

ಸುತ್ತಲಿನ ಬೆಳಕನ್ನು ಅಳೆಯುವುದೇ ಹೆಚ್ಚು ಕಾಡಿತು. ಎಲ್‌ಡಿಆರ್ (ಬೆಳಕಿಗೆ ತಕ್ಕಂತೆ ಬದಲಾಗುವ ರೆಸಿಸ್ಟರ್) ಡಿಸ್‌ಪ್ಲೇಯ ಸ್ವಂತ ಬೆಳಕನ್ನೇ ನೋಡಿ ಅದನ್ನು ಇನ್ನಷ್ಟು ಏರಿಸುತ್ತಿತ್ತು. ಬಳಕೆಯಲ್ಲಿಲ್ಲದ ದಶಮಾಂಶ ಬಿಂದುವನ್ನೇ ರಿವರ್ಸ್ ಬಯಾಸ್ ಮಾಡಿ (ವೋಲ್ಟೇಜನ್ನು ತಿರುಗುಮುರುಗಾಗಿ ಕೊಟ್ಟು) ಸೆನ್ಸರ್ ಆಗಿ ಬಳಸುವ ಪ್ರಯೋಗವೂ ನಡೆಯಿತು. ಬೆಳಕಿದ್ದಾಗ ಸೊಗಸಾಗಿ ಓದಿತು, ಮಬ್ಬಿನಲ್ಲಿ ಮಾತ್ರ ಉತ್ತರ ಕೊಡಲು ಯುಗ ಹಿಡಿಯಿತು. ಕೊನೆಗೆ ನಾಲ್ಕು ಸರದಿಗಳ ಜೊತೆಗೆ ಐದನೆಯದೊಂದನ್ನು ಪೂರ್ತಿ ಕತ್ತಲೆಯಾಗಿಟ್ಟು, ಅದರ ಅಂತ್ಯದಲ್ಲಿ ಫೋಟೋಟ್ರಾನ್ಸಿಸ್ಟರ್ (ಬೆಳಕಿನ ಸೆನ್ಸರ್) ಓದಿಸಿದೆ. ಗರಿಷ್ಠ ಬೆಳಕಿನ ಐದನೆಯ ಒಂದು ಭಾಗ ಹೋಯಿತು, ಅಂಕಿಯ ರಿಫ್ರೆಶ್ 250ರಿಂದ 200 ಹರ್ಟ್ಸ್‌ಗೆ ಇಳಿಯಿತು. ಕಣ್ಣು ಎರಡನ್ನೂ ಗಮನಿಸಲಿಲ್ಲ. ಫೋನ್ ಕ್ಯಾಮೆರಾ ಪಟ್ಟೆಗಳನ್ನು ತೋರಿಸುತ್ತದೆ, ನಿಜ. ಸರದಿಯನ್ನು ನಾಲ್ಕು ಪಟ್ಟು ವೇಗಗೊಳಿಸಿದಾಗ ಪಟ್ಟೆಗಳು ತೆಳ್ಳಗಾದವು, ಆದರೆ ಹೆಜ್ಜೆಗಳು 4000ಕ್ಕೆ ಇಳಿದು ರಾತ್ರಿಯ ನುಣುಪು ಕೆಟ್ಟಿತು. ನಾನು ಡಿಸ್‌ಪ್ಲೇ ಮಾಡುತ್ತಿರುವುದು ಕಣ್ಣಿಗಾಗಿ, ಆದ್ದರಿಂದ ಹಳೆಯ ವೇಗಕ್ಕೇ ಮರಳಿದೆ.

ತೀರಾ ಕೆಳಗಿನ ಐದಾರು ಹಂತಗಳಲ್ಲಿ ಪೂರ್ಣಾಂಕದ ಹೆಜ್ಜೆಗಳೂ ಸಾಲುವುದಿಲ್ಲ. ಅಲ್ಲಿ ಪಕ್ಕಪಕ್ಕದ ಎರಡು ಬೆಲೆಗಳನ್ನು ಒಂದರ ನಂತರ ಒಂದು ಬಳಸಿ ಸರಾಸರಿ ತೆಗೆಯುತ್ತೇನೆ. ಆ ಅದಲುಬದಲನ್ನು ನಾಲ್ಕು ಅಂಕಿಗಳಲ್ಲಿ ಯಾವ ಕ್ರಮದಲ್ಲಿ ಹಂಚಿದರೆ ಮಿನುಗು ಕಾಣದು ಎಂಬುದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ. ಒಂದೇ ಫ್ರೇಮಿನಲ್ಲಿ (ಎಲ್ಲ ಸರದಿಗಳ ಒಂದು ಸುತ್ತಿನಲ್ಲಿ) ನಾಲ್ಕಕ್ಕೂ ಒಟ್ಟಿಗೆ ಬದಲಿಸುವುದಂತೂ ಬೇಡ.