ಲಂಡನ್ನಿಂದ ಪ್ಯಾರಿಸ್‌ಗೆ ರೈಲಿನಲ್ಲಿ: ತುಮಕೂರು ಕಡೆಯಿಂದ ಹೊರಡುವವರಿಗೆ

ಮಗನೋ ಮಗಳೋ ಲಂಡನ್ನಿನಲ್ಲಿ ಕೆಲಸದಲ್ಲಿದ್ದಾರೆ, ಅಷ್ಟು ದೂರ ಹೋದವರು ಪ್ಯಾರಿಸ್ಸನ್ನೂ ನೋಡಿಕೊಂಡೇ ಬರೋಣ ಎನ್ನುವ ಮನೆಗಳು ತುಮಕೂರು, ತಿಪಟೂರು, ಸಿರಾ ಕಡೆ ಈಗ ಬೇಕಾದಷ್ಟಿವೆ. ಈ ಎರಡು ರಾಜಧಾನಿಗಳ ನಡುವೆ ಓಡುವ ಯೂರೋಸ್ಟಾರ್ ರೈಲು ಗಂಟೆಗೆ 300 ಕಿ.ಮೀ. ವೇಗ ಮುಟ್ಟುತ್ತದೆ, ಸುಮಾರು ಎರಡೂಕಾಲು ಗಂಟೆಯಲ್ಲಿ ಊರ ನಡುವಿನಿಂದ ಊರ ನಡುವಿಗೆ ತಲುಪಿಸುತ್ತದೆ. ರೈಲಿನೊಳಗೆ ಕಷ್ಟವೇನಿಲ್ಲ. ಕಷ್ಟವೆಲ್ಲ ಹತ್ತುವ ಮುಂಚಿನ ಒಂದು ಗಂಟೆಯಲ್ಲಿದೆ, ಅದಕ್ಕೂ ಮುಂಚಿನ ಮೂರು ತಿಂಗಳ ಕಾಗದಪತ್ರದಲ್ಲಿದೆ. ಅವೆರಡನ್ನೂ ಇಲ್ಲಿ ಬಿಡಿಸಿ ಹೇಳಿದ್ದೇವೆ.

ಮೊದಲು ದಿಕ್ಕು ಗೊತ್ತುಮಾಡಿಕೊಳ್ಳಿ

ಹೆಚ್ಚಿನವರು ಬೆಂಗಳೂರು–ಲಂಡನ್–ಬೆಂಗಳೂರು ಎಂದು ವಿಮಾನದ ಟಿಕೆಟ್ ತೆಗೆದುಬಿಡುತ್ತಾರೆ, ಆಮೇಲೆ ಪ್ಯಾರಿಸ್ಸಿಗೆ ಹೋಗಿ ಬರುವ ರೈಲು ಹುಡುಕುತ್ತಾರೆ. ಹಾಗೆ ಮಾಡಬೇಡಿ. ವಿಮಾನದ ಟಿಕೆಟ್ ನೋಡುವಾಗ ‘ಮಲ್ಟಿ ಸಿಟಿ’ ಎಂಬುದನ್ನು ಆರಿಸಿ, ಹೋಗುವುದು ಲಂಡನ್ನಿಗೆ, ವಾಪಸ್ ಬರುವುದು ಪ್ಯಾರಿಸ್ಸಿನಿಂದ ಎಂದು ಹಾಕಿ. ಬಿಡಿಬಿಡಿಯಾಗಿ ಎರಡು ಒನ್‌ವೇ ಟಿಕೆಟ್ ತೆಗೆದರೆ ಸಾಮಾನ್ಯವಾಗಿ ದುಬಾರಿಯಾಗುತ್ತದೆ. ಮಲ್ಟಿ ಸಿಟಿಯ ಬೆಲೆ ಹೋಗಿಬರುವ ಟಿಕೆಟ್ಟಿನ ಹತ್ತಿರವೇ ಇರುತ್ತದೆ. ಬೆಂಗಳೂರಿನಿಂದ ಎರಡೂ ನಗರಗಳಿಗೆ ನೇರ ವಿಮಾನಗಳಿವೆ, ಆದರೆ ಕಂಪನಿ ಬೇರೆ ಬೇರೆ. ಒಂದೇ ಟಿಕೆಟ್ಟಿನಲ್ಲಿ ಎರಡೂ ಸಿಗಬೇಕೆಂದರೆ ದುಬೈ ಅಥವಾ ದೋಹಾ ಮೇಲೆ ಹೋಗುವುದನ್ನೂ ನೋಡಿ.

ಇದರಿಂದ ಆಗುವ ಅನುಕೂಲ ಒಂದೆರಡಲ್ಲ. ರೈಲಿಗೆ ಒಂದೇ ದಾರಿಯ ಟಿಕೆಟ್ ಸಾಕು. ಪ್ಯಾರಿಸ್ಸಿನಿಂದ ಲಂಡನ್ನಿಗೆ ಮರಳುವಾಗ ಬ್ರಿಟನ್ನಿನ ವಲಸೆ ಅಧಿಕಾರಿಯ ಮುಂದೆ ಮತ್ತೊಮ್ಮೆ ನಿಲ್ಲುವುದು ತಪ್ಪುತ್ತದೆ. ಬ್ರಿಟನ್ನಿನಿಂದ ಹೊರಡುವ ದೂರದ ವಿಮಾನಗಳ ಮೇಲೆ ಅಲ್ಲಿನ ಸರ್ಕಾರ ಹಾಕುವ ಪ್ರಯಾಣಿಕ ತೆರಿಗೆ ಭಾರಿ ಮೊತ್ತದ್ದು, ಅದೂ ಉಳಿಯುತ್ತದೆ. ಫ್ರಾನ್ಸಿನಲ್ಲೂ ಇಂಥ ತೆರಿಗೆ ಇದೆ, ಆದರೆ ಕಡಿಮೆ.

ಎರಡು ವೀಸಾ, ಒಂದೇ ಪಾಸ್‌ಪೋರ್ಟು

ಬ್ರಿಟನ್ನಿನ ವೀಸಾದಲ್ಲಿ ಫ್ರಾನ್ಸಿಗೆ ಹೋಗಲಾಗದು, ಫ್ರಾನ್ಸೂ ಸೇರಿದಂತೆ ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದಲ್ಲಿ ಬ್ರಿಟನ್ನಿಗೆ ಕಾಲಿಡಲಾಗದು. ಭಾರತದ ಪಾಸ್‌ಪೋರ್ಟಿಗೆ ಎರಡೂ ಬೇಕು. ಎರಡಕ್ಕೂ ಬೆಂಗಳೂರಿನಲ್ಲಿ ವೀಸಾ ಅರ್ಜಿ ಪಡೆಯುವ ವಿಎಫ್‌ಎಸ್ ಕೇಂದ್ರಕ್ಕೆ ಖುದ್ದಾಗಿ ಹೋಗಿ ಬೆರಳಚ್ಚು ಕೊಡಬೇಕು. ಒಂದು ಅರ್ಜಿ ಒಳಗಿರುವಾಗ ಪಾಸ್‌ಪೋರ್ಟು ಅಲ್ಲೇ ಇದ್ದರೆ ಇನ್ನೊಂದಕ್ಕೆ ಹಾಕಲಾಗುವುದಿಲ್ಲ. ಅನೇಕರ ಲೆಕ್ಕ ತಪ್ಪುವುದು ಇಲ್ಲೇ.

ಬ್ರಿಟನ್ ವೀಸಾಕ್ಕೆ ಪ್ರಯಾಣಕ್ಕಿಂತ ಮೂರು ತಿಂಗಳಿಗೂ ಮೊದಲು ಅರ್ಜಿ ಹಾಕಲಾಗದು. ಉತ್ತರ ಬರಲು ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ. ಷೆಂಗೆನ್‌ಗೆ ಆರು ತಿಂಗಳು ಮುಂಚಿನಿಂದ ಹಾಕಬಹುದು, ಕೊನೆಯ ಗಡುವು ಹದಿನೈದು ದಿನ. ಆದರೂ ಬ್ರಿಟನ್ನಿನದನ್ನೇ ಮೊದಲು ಮಾಡಿಸಿ. ನೀವು ಫ್ರಾನ್ಸನ್ನು ಲಂಡನ್ನಿನ ಮೂಲಕ ಪ್ರವೇಶಿಸುತ್ತೀರಿ ಎಂದು ಅರ್ಜಿಯಲ್ಲಿ ಬರೆದಾಗ, ಲಂಡನ್ನಿಗೆ ಹೋಗುವ ಅನುಮತಿ ಪಾಸ್‌ಪೋರ್ಟಿನ ಜೊತೆಗಿದ್ದರೆ ಕಾಗದಗಳು ಒಂದಕ್ಕೊಂದು ಹೊಂದುತ್ತವೆ. ಹೊರಡಲು 90 ದಿನ ಇದೆ ಎನ್ನುವಾಗ ಬ್ರಿಟನ್ನಿಗೆ, 60 ದಿನ ಇದೆ ಎನ್ನುವಾಗ ಫ್ರಾನ್ಸಿಗೆ. ಬೇಸಿಗೆ ರಜೆಗೆ ಹೋಗುವವರು ಫ್ರಾನ್ಸಿನ ಅಪಾಯಿಂಟ್‌ಮೆಂಟನ್ನು ಬ್ರಿಟನ್ನಿನ ಉತ್ತರ ಬರುವ ಮುಂಚೆಯೇ ಹಿಡಿದಿಟ್ಟುಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ದಿನಾಂಕ ಸಿಗುವುದು ಕಷ್ಟ.

ಷೆಂಗೆನ್ ಅರ್ಜಿಗೆ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ವಿಮೆ, ಎರಡು ಖಾಲಿ ಪುಟಗಳಿರುವ ಪಾಸ್‌ಪೋರ್ಟು ಬೇಕು. ಆ ಪಾಸ್‌ಪೋರ್ಟು ಕಳೆದ ಹತ್ತು ವರ್ಷದೊಳಗೆ ಕೊಟ್ಟಿದ್ದಾಗಿರಬೇಕು, ನೀವು ಯೂರೋಪ್ ಬಿಟ್ಟ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ವೀಸಾ ಕೈಗೆ ಬಂದ ದಿನವೇ ಆ ಚೀಟಿಯ ಮೇಲೆ ಮೂರು ಸಂಗತಿ ಓದಿ: ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ಸಲ ಪ್ರವೇಶ, ಒಟ್ಟು ಎಷ್ಟು ದಿನ. ಹೋಗುವ ದಿನ, ಬಿಡುವ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. ಪ್ರವೇಶ 01 ಎಂದಿದ್ದರೆ ಪ್ಯಾರಿಸ್ಸಿನಿಂದ ಲಂಡನ್ನಿಗೆ ಬಂದವರು ಮತ್ತೆ ಪ್ಯಾರಿಸ್ಸಿಗೆ ಹೋಗುವಂತಿಲ್ಲ.

ಇನ್ನೊಂದು ಸೂಕ್ಷ್ಮ. ಬ್ರಿಟನ್ ಮತ್ತು ಫ್ರಾನ್ಸಿನ ಒಪ್ಪಂದದಂತೆ ಫ್ರಾನ್ಸಿನ ಗಡಿ ಪೊಲೀಸರು ಲಂಡನ್ನಿನ ಸ್ಟೇಷನ್ನಿನೊಳಗೇ ಕೂತಿರುತ್ತಾರೆ. ಹಾಗಾಗಿ ನಿಮ್ಮ ಷೆಂಗೆನ್ ವೀಸಾ ಲಂಡನ್ನಿನಲ್ಲಿ ರೈಲು ಹತ್ತುವ ಹೊತ್ತಿಗೇ ಚಾಲ್ತಿಗೆ ಬಂದಿರಬೇಕು, ಪ್ಯಾರಿಸ್ ಮುಟ್ಟುವ ಹೊತ್ತಿಗಲ್ಲ.

ರೈಲಿನ ಟಿಕೆಟ್

ಎರಡೂ ವೀಸಾ ಕೈಗೆ ಬರುವವರೆಗೆ ಕಾಯುವುದೋ, ಮೊದಲೇ ತೆಗೆಯುವುದೋ? ಇಲ್ಲಿ ದರ ನಮ್ಮ ರೈಲಿನ ಹಾಗೆ ಸ್ಥಿರವಲ್ಲ. ಬೇಗ ತೆಗೆದವರಿಗೆ ಒಂದು ಸೀಟು ನಲವತ್ತು ಪೌಂಡಿನ ಆಸುಪಾಸಿಗೆ ಸಿಗಬಹುದು. ಅದೇ ಸೀಟು ಕೊನೆಯ ವಾರದಲ್ಲಿ 200 ಪೌಂಡ್ ದಾಟಬಹುದು. ಮಂಗಳವಾರ, ಬುಧವಾರ ಅಗ್ಗ. ಶುಕ್ರವಾರ ಸಂಜೆ, ಭಾನುವಾರ ದುಬಾರಿ. ಮೊದಲೇ ತೆಗೆದಿಟ್ಟುಕೊಂಡು, ದಿನಾಂಕ ಬದಲಾದರೆ ದರದ ವ್ಯತ್ಯಾಸ ಕಟ್ಟುವುದೇ ಲೇಸು. ಆದರೆ ಬದಲಾವಣೆ ಮತ್ತು ರದ್ದತಿಯ ನಿಯಮವನ್ನು ದುಡ್ಡು ಕಟ್ಟುವ ಮೊದಲು ಓದಿಕೊಳ್ಳಿ. ಟಿಕೆಟ್ಟನ್ನು ಇನ್ನೊಬ್ಬರ ಹೆಸರಿಗೆ ಮಾಡಿಕೊಡುವುದಿಲ್ಲ ಎಂಬುದು ನೆನಪಿರಲಿ.

ದರ್ಜೆಗಳು ಮೂರು: ಸ್ಟ್ಯಾಂಡರ್ಡ್, ಪ್ಲಸ್, ಪ್ರೀಮಿಯರ್. ಸ್ಟ್ಯಾಂಡರ್ಡ್ ಸಾಕು. ನಾಲ್ಕು ವರ್ಷದೊಳಗಿನ ಮಗು ತೊಡೆಯ ಮೇಲೆ ಕೂತರೆ ಟಿಕೆಟ್ ಬೇಡ, 4ರಿಂದ 11 ವರ್ಷದವರಿಗೆ ಮಕ್ಕಳ ದರ. ನಾಲ್ವರು ಹೋಗುವವರು ಮೇಜಿನ ಸುತ್ತ ಎದುರುಬದುರು ಇರುವ ಸೀಟುಗಳನ್ನು ಆರಿಸಿಕೊಳ್ಳಿ. ಮಂಡಿನೋವಿನ ಹಿರಿಯರಿದ್ದರೆ ಗಾಲಿಕುರ್ಚಿಯ ಸಹಾಯವನ್ನು ಟಿಕೆಟ್ ತೆಗೆಯುವಾಗಲೇ ಕೇಳಿ. ಅದಕ್ಕೆ ದುಡ್ಡಿಲ್ಲ, ಆದರೆ ಸ್ಟೇಷನ್ನಿಗೆ ಹೋಗಿ ಕೇಳಿದರೆ ಸಿಗುವುದು ಅನುಮಾನ.

ನಮ್ಮ ಕಡೆಯವರಿಗೆ ತೊಡಕಾಗುವುದು ಹೆಸರು. ಇನಿಷಿಯಲ್ ಇಟ್ಟುಕೊಂಡವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಎಷ್ಟೋ ಸಲ ಖಾಲಿ ಇರುತ್ತದೆ, ಬುಕಿಂಗ್ ಪುಟ ಮಾತ್ರ ಅದನ್ನು ಕೇಳದೆ ಮುಂದೆ ಹೋಗುವುದಿಲ್ಲ. ಆಧಾರ್‌ನಲ್ಲಿದ್ದಂತೆ ಬರೆಯಬೇಡಿ, ಮನೆತನದ ಹೆಸರನ್ನೋ ಊರಿನ ಹೆಸರನ್ನೋ ಹೊಸದಾಗಿ ಸೇರಿಸಬೇಡಿ. ಖಾಲಿ ಇರುವವರು ಏನು ಬರೆಯಬೇಕೆಂದು ಕಂಪನಿಯ ಗ್ರಾಹಕ ಸೇವೆಯನ್ನು ಬರಹದಲ್ಲಿ ಕೇಳಿ, ಆ ಉತ್ತರವನ್ನು ಫೋನಿನಲ್ಲಿ ಉಳಿಸಿಕೊಳ್ಳಿ.

ದುಡ್ಡು ಕಟ್ಟುವಾಗ ಕಾರ್ಡ್ ನಿರಾಕರಣೆಯಾದರೆ ಗಾಬರಿ ಬೇಡ. ನಮ್ಮ ಬ್ಯಾಂಕುಗಳ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದು, ಮಿತಿ ನಿಗದಿ ಮಾಡಿ, ಮತ್ತೆ ಪ್ರಯತ್ನಿಸಿ. ವಿದೇಶಿ ವಿನಿಮಯದ ಶುಲ್ಕ ಮತ್ತು ಅದರ ಮೇಲಿನ ಜಿಎಸ್‌ಟಿ ಬೇರೆ ಬೀಳುತ್ತದೆ.

ಚೀಲದಲ್ಲಿ ಏನಿರಬೇಕು, ಏನಿರಬಾರದು

ಸ್ಟ್ಯಾಂಡರ್ಡ್‌ನಲ್ಲಿ ಒಬ್ಬರಿಗೆ 85 ಸೆಂ.ಮೀ. ಉದ್ದದೊಳಗಿನ ಎರಡು ದೊಡ್ಡ ಚೀಲ, ಒಂದು ಕೈಚೀಲ. ತೂಗುವುದಿಲ್ಲ. ಆದರೆ ಎತ್ತುವವರು ನೀವೇ, ಕೂಲಿಗಳಿಲ್ಲ. ವಿಮಾನದ 23 ಕಿಲೋ ಪೆಟ್ಟಿಗೆ ಎರಡೆರಡು ಹಿಡಿದ ಅರವತ್ತು ದಾಟಿದ ದಂಪತಿ ಬೋಗಿಯ ಬಾಗಿಲಲ್ಲಿ ಒದ್ದಾಡುತ್ತಾರೆ. ತಲೆಗೊಂದೇ ಪೆಟ್ಟಿಗೆ ಇಟ್ಟುಕೊಳ್ಳಿ. ವಿಮಾನದ 100 ಮಿಲಿ ನಿಯಮ ಇಲ್ಲಿಲ್ಲ, ನೀರಿನ ಬಾಟಲಿ, ಕೊಬ್ಬರಿ ಎಣ್ಣೆ ಒಯ್ಯಬಹುದು. ಅಡುಗೆ ಚಾಕು ಬೇಡ, ತಪಾಸಣೆಯಲ್ಲಿ ತೆಗೆದುಕೊಂಡುಬಿಡುತ್ತಾರೆ.

ತಿಂಡಿಯ ವಿಚಾರಕ್ಕೆ ಬರೋಣ. ಬ್ರಿಟನ್ ಯೂರೋಪಿಯನ್ ಒಕ್ಕೂಟ ಬಿಟ್ಟ ಮೇಲೆ ಲಂಡನ್ನಿನಿಂದ ಫ್ರಾನ್ಸಿಗೆ ಹಾಲಿನ ಪದಾರ್ಥ, ಮಾಂಸ ಒಯ್ಯುವುದು ನಿಷೇಧ. ಅಂದರೆ ತುಪ್ಪದ ಡಬ್ಬಿ, ಪೇಡ, ಖೋವಾದ ಸಿಹಿ ಎಲ್ಲವನ್ನೂ ಲಂಡನ್ನಿನ ಮನೆಯಲ್ಲೇ ಮುಗಿಸಿ. ಹಸಿ ಹಣ್ಣು, ತರಕಾರಿ, ಕರಿಬೇವು, ವೀಳ್ಯದೆಲೆಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾಗುವುದರಿಂದ ಅವೂ ಬೇಡ. ಐದು ಹಣ್ಣುಗಳಿಗೆ ಮಾತ್ರ ಆ ಪತ್ರ ಬೇಕಿಲ್ಲ: ಅನಾನಸ್, ಬಾಳೆ, ಖರ್ಜೂರ, ಡೂರಿಯನ್, ತೆಂಗಿನಕಾಯಿ. ತಿಪಟೂರಿನವರ ಪುಣ್ಯ ದೊಡ್ಡದು! ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ನಿಪ್ಪಟ್ಟು, ಕೋಡುಬಳೆಗೆ ತೊಂದರೆಯಿಲ್ಲ. ರೈಲಿನಲ್ಲಿ ಬುತ್ತಿ ಬಿಚ್ಚಿ ತಿನ್ನುವುದಕ್ಕೂ ಅಡ್ಡಿಯಿಲ್ಲ.

ಪ್ಲಗ್ಗಿಗೆ ಎರಡು ಅಡಾಪ್ಟರ್ ಬೇಕು: ಬ್ರಿಟನ್ನಿನ ಚೌಕ ಮೂರು ಕಡ್ಡಿಯದು, ಫ್ರಾನ್ಸಿನ ದುಂಡು ಎರಡು ಕಡ್ಡಿಯದು. ನಮ್ಮ ದಪ್ಪ ಮೂರು ಕಡ್ಡಿಯ ಪ್ಲಗ್ಗು ಎರಡಕ್ಕೂ ಹೋಗದು.

ಹೊರಡುವ ದಿನ, ಸೇಂಟ್ ಪ್ಯಾಂಕ್ರಾಸ್‌ನಲ್ಲಿ

ಸ್ಟೇಷನ್ನಿನ ಹೆಸರು ಸೇಂಟ್ ಪ್ಯಾಂಕ್ರಾಸ್ ಇಂಟರ್‌ನ್ಯಾಷನಲ್. 2007ರ ನವೆಂಬರ್‌ನಿಂದ ಯೂರೋಸ್ಟಾರ್ ಹೊರಡುವುದು ಇಲ್ಲಿಂದಲೇ. ಪಕ್ಕದಲ್ಲೇ ಕಿಂಗ್ಸ್ ಕ್ರಾಸ್ ಇದೆ, ಅದು ಬೇರೆ ಸ್ಟೇಷನ್. ಎರಡಕ್ಕೂ ಸೇರಿ ಒಂದೇ ಮೆಟ್ರೊ ನಿಲ್ದಾಣ. ಹೀಥ್ರೊ ವಿಮಾನ ನಿಲ್ದಾಣದ ಕಡೆಯಿಂದ ಮೆಟ್ರೊದ ಪಿಕಾಡಿಲಿ ಮಾರ್ಗ ನೇರವಾಗಿ ಬರುತ್ತದೆ, ಸುಮಾರು ಒಂದು ಗಂಟೆ. ಗ್ಯಾಟ್‌ವಿಕ್ ವಿಮಾನ ನಿಲ್ದಾಣದಿಂದ ಥೇಮ್ಸ್‌ಲಿಂಕ್ ರೈಲು ನೇರ. ಬೆಳಗಿನ ತಿಂಡಿಗೆ ದೋಸೆ ಬೇಕೆನ್ನುವವರಿಗೆ ಕಾಲು ಗಂಟೆ ನಡೆದರೆ ಯೂಸ್ಟನ್ ಸ್ಟೇಷನ್ ಹಿಂದಿನ ಡ್ರಮಂಡ್ ಸ್ಟ್ರೀಟ್ ಇದೆ, ಅಲ್ಲಿ ಸಸ್ಯಾಹಾರಿ ಭಾರತೀಯ ಹೋಟೆಲುಗಳಿವೆ. ಆದರೆ ಬಾಗಿಲು ತೆಗೆಯುವ ಹೊತ್ತು ಮೊದಲೇ ನೋಡಿಕೊಳ್ಳಿ.

ತುಮಕೂರು ಸ್ಟೇಷನ್ನಿನಲ್ಲಿ ಬೆಂಗಳೂರು ರೈಲಿಗೆ ಐದು ನಿಮಿಷ ಮುಂಚೆ ಓಡಿಬಂದು ಹತ್ತುವ ಅಭ್ಯಾಸ ಇಲ್ಲಿ ನಡೆಯದು. ರೈಲು ಬಿಡುವ 30 ನಿಮಿಷ ಮೊದಲು ಗೇಟು ಮುಚ್ಚುತ್ತದೆ. ರೈಲು ಕಣ್ಣೆದುರೇ ನಿಂತಿದ್ದರೂ ಬಿಡುವುದಿಲ್ಲ. ಸ್ಟ್ಯಾಂಡರ್ಡ್ ಟಿಕೆಟ್ಟಿನವರು 90 ನಿಮಿಷ ಮುಂಚೆ ಅಲ್ಲಿರಿ. ಮೂರು ಗಂಟೆ ಮುಂಚೆ ಹೋಗಿ ಪ್ರಯೋಜನವಿಲ್ಲ, ರೈಲಿನ ಹೊತ್ತಿನ ಪ್ರಕಾರವೇ ಒಳಗೆ ಬಿಡುತ್ತಾರೆ.

ಕ್ರಮ ಹೀಗಿದೆ. ಫೋನಿನಲ್ಲೋ ಕಾಗದದಲ್ಲೋ ಇರುವ ಟಿಕೆಟ್ಟಿನ ಕೋಡನ್ನು ಗೇಟಿಗೆ ತೋರಿಸಬೇಕು. ಫೋನಿನ ಬ್ಯಾಟರಿ ಕೈಕೊಟ್ಟೀತು, ಒಂದು ಪ್ರತಿ ಅಚ್ಚು ಹಾಕಿಸಿಕೊಳ್ಳಿ. ಆಮೇಲೆ ಎಕ್ಸ್‌ರೇ ತಪಾಸಣೆ, ಅದಾದ ಮೇಲೆ ಫ್ರಾನ್ಸಿನ ಪೊಲೀಸರ ಕಟ್ಟೆ. 2025ರ ಅಕ್ಟೋಬರ್ 12ರಿಂದ ಯೂರೋಪು ಹಂತಹಂತವಾಗಿ ತಂದ ಇಇಎಸ್ ಎಂಬ ಗಣಕ ವ್ಯವಸ್ಥೆ ಪಾಸ್‌ಪೋರ್ಟಿನ ಮುದ್ರೆಯ ಜಾಗ ತೆಗೆದುಕೊಂಡಿದೆ. ನಿಮ್ಮ ಬೆರಳಚ್ಚು ವೀಸಾ ಅರ್ಜಿಯಲ್ಲೇ ದಾಖಲಾಗಿರುವುದರಿಂದ ಹೊಸದಾಗಿ ತೆಗೆಯುವುದು ಮುಖದ ಚಿತ್ರ ಮಾತ್ರ, ಬೆರಳನ್ನು ಹೋಲಿಸಿ ನೋಡಬಹುದು ಅಷ್ಟೆ. ಎಲ್ಲಿ ಉಳಿಯುತ್ತೀರಿ, ಯಾವಾಗ ವಾಪಸ್ಸು ಎಂದು ಕೇಳಿದರೆ ಹೋಟೆಲ್ ಬುಕಿಂಗ್, ಪ್ಯಾರಿಸ್ಸಿನಿಂದ ಬೆಂಗಳೂರಿನ ಟಿಕೆಟ್, ವಿಮೆಯ ಪತ್ರ, ಈ ಮೂರನ್ನು ಒಂದೇ ಕವರಿನಿಂದ ತೆಗೆದು ತೋರಿಸಿ. ದೊಡ್ಡ ಪೆಟ್ಟಿಗೆಯ ತಳದಲ್ಲಿಟ್ಟು ಕಟ್ಟೆಯ ಮುಂದೆ ಬೀಗ ಹುಡುಕುವಂತಾಗಬಾರದು. ಹಿರಿಯರಿಗೆ ಇಂಗ್ಲಿಷ್ ಕಷ್ಟವಾದರೆ ಮನೆಯವರೆಲ್ಲ ಒಟ್ಟಿಗೇ ಕಟ್ಟೆಗೆ ಹೋಗಬಹುದೇ ಎಂದು ಅಲ್ಲಿನ ಸಿಬ್ಬಂದಿಯನ್ನು ಕೇಳಿ.

ಒಳಗೆ ಕೂತಮೇಲೆ ಫಲಕ ನೋಡುತ್ತಿರಿ. ಹೊರಡುವ ಇಪ್ಪತ್ತು ನಿಮಿಷದ ಹಿಂದುಮುಂದು ಪ್ಲಾಟ್‌ಫಾರಂ ಹೇಳುತ್ತಾರೆ. ರೈಲು ಸುಮಾರು 400 ಮೀಟರ್ ಉದ್ದ. ಬೋಗಿ ನಂಬರು ನೋಡದೆ ತಪ್ಪು ತುದಿಯಿಂದ ಹತ್ತಿದರೆ ಪೆಟ್ಟಿಗೆ ಎಳೆದುಕೊಂಡು ಹಾದಿಯುದ್ದಕ್ಕೂ ನಡೆಯಬೇಕಾಗುತ್ತದೆ.

ರೈಲಿನೊಳಗೆ

ಹೇಳುವಂಥದ್ದು ಕಡಿಮೆ. ದೊಡ್ಡ ಪೆಟ್ಟಿಗೆಗೆ ಬೋಗಿಯ ತುದಿಯಲ್ಲಿ ಅಟ್ಟಣಿಗೆ, ಚಿಕ್ಕದಕ್ಕೆ ತಲೆಯ ಮೇಲೆ. ಹೊರಟ ಅರ್ಧ ಗಂಟೆ ದಾಟಿದ ಮೇಲೆ ಬ್ರಿಟನ್ ಮತ್ತು ಫ್ರಾನ್ಸಿನ ನಡುವಿನ ಸಮುದ್ರದಡಿಯ ಸುರಂಗ: ಉದ್ದ 50 ಕಿ.ಮೀ.ಗೆ ತುಸು ಹೆಚ್ಚು, ಅದರಲ್ಲಿ ಸುಮಾರು 38 ಕಿ.ಮೀ. ಸಮುದ್ರತಳದ ಕೆಳಗೆ, ಉದ್ಘಾಟನೆಯಾದದ್ದು 1994ರ ಮೇ 6ರಂದು. ಒಳಗೆ ವೇಗ ಗಂಟೆಗೆ 160 ಕಿ.ಮೀ.ಗೆ ಇಳಿಯುತ್ತದೆ, ಇಪ್ಪತ್ತು ನಿಮಿಷ ಕಿಟಕಿಯಾಚೆ ಕತ್ತಲು. ಸಮುದ್ರ ಕಾಣುತ್ತದೆ ಎಂದು ಮಕ್ಕಳಿಗೆ ಆಸೆ ಹುಟ್ಟಿಸಬೇಡಿ. ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ. ಟಿಕೆಟ್ಟಿನಲ್ಲಿ ತಲುಪುವ ಹೊತ್ತು ಪ್ಯಾರಿಸ್ಸಿನ ಗಡಿಯಾರದ್ದು, ಅದಕ್ಕೇ ಪ್ರಯಾಣ ಮೂರು ಗಂಟೆಗೂ ಹೆಚ್ಚು ಎಂದು ಕಾಣುವುದು.

ಪ್ಯಾರಿಸ್ಸಿನ ಸ್ಟೇಷನ್ ಗಾರ್ ದ್ಯು ನೋರ್‌ನಲ್ಲಿ ಇಳಿದ ಮೇಲೆ

ಪಾಸ್‌ಪೋರ್ಟ್ ಕೆಲಸ ಲಂಡನ್ನಿನಲ್ಲೇ ಮುಗಿದಿರುವುದರಿಂದ ಇಳಿದವರು ನೇರ ಹೊರಗೆ ನಡೆಯಬಹುದು. ಕಸ್ಟಮ್ಸ್‌ನವರು ಆಗೊಮ್ಮೆ ಈಗೊಮ್ಮೆ ಯಾರದಾದರೂ ಚೀಲ ತೆರೆಸುತ್ತಾರೆ. ಎಚ್ಚರ ಬೇಕಾದದ್ದು ಜೇಬಿನ ಬಗ್ಗೆ. ಈ ಸ್ಟೇಷನ್ನಿನಲ್ಲೂ ಇಲ್ಲಿಂದ ಹೊರಡುವ ಮೆಟ್ರೊದಲ್ಲೂ ಜೇಬುಗಳ್ಳರು ಹೆಚ್ಚು, ಪಾಸ್‌ಪೋರ್ಟು ಬಟ್ಟೆಯ ಒಳಗಡೆ ಇರಲಿ. ‘ಟ್ಯಾಕ್ಸಿ, ಟ್ಯಾಕ್ಸಿ’ ಎಂದು ಸ್ಟೇಷನ್ ಒಳಗೇ ಬಂದು ಕರೆಯುವವರ ಹಿಂದೆ ಹೋಗಬೇಡಿ. ಅಧಿಕೃತ ಟ್ಯಾಕ್ಸಿಗಳು ಹೊರಗಿನ ಸಾಲಿನಲ್ಲಿ ನಿಂತಿರುತ್ತವೆ. ಮೆಟ್ರೊ 4 ಮತ್ತು 5ನೇ ಮಾರ್ಗ ಇಲ್ಲೇ ಸಿಗುತ್ತವೆ. ಅನ್ನ, ಸಾರು ಬೇಕಾದವರು ಉತ್ತರಕ್ಕೆ ಲಾ ಶಾಪೆಲ್ ಕಡೆ ಹತ್ತು ನಿಮಿಷ ನಡೆಯಿರಿ, ಶ್ರೀಲಂಕಾ ತಮಿಳರ ಹೋಟೆಲುಗಳ ಸಾಲೇ ಇದೆ.

ರೈಲು ತಡವಾದರೆ? 60 ನಿಮಿಷದಿಂದ ಎರಡು ಗಂಟೆಯೊಳಗಿನ ತಡಕ್ಕೆ ಟಿಕೆಟ್ ದರದ ಕಾಲುಭಾಗ, ಎರಡು ಗಂಟೆ ದಾಟಿದರೆ ಅರ್ಧ, ಪರಿಹಾರ ಕೇಳುವ ಹಕ್ಕು ನಿಮಗಿದೆ. ಆದರೆ ತಡದಿಂದ ತಪ್ಪಿಹೋದ ವಿಮಾನಕ್ಕೆ ರೈಲಿನವರು ಹೊಣೆಯಲ್ಲ. ಫ್ರಾನ್ಸಿನಲ್ಲಿ ಮುಷ್ಕರ, ಸುರಂಗದಲ್ಲಿ ವಿದ್ಯುತ್ ತೊಂದರೆ ಅಪರೂಪವಲ್ಲ. ಆದ್ದರಿಂದ ರೈಲು ಇಳಿದ ದಿನವೇ ಬೆಂಗಳೂರಿನ ವಿಮಾನ ಇಟ್ಟುಕೊಳ್ಳಬೇಡಿ, ನಡುವೆ ಒಂದು ರಾತ್ರಿಯಾದರೂ ಇರಲಿ.

ವಾಪಸ್ ಹೊರಡುವಾಗ ಇದೇ ಸ್ಟೇಷನ್ನಿನಿಂದ ಆರ್‌ಇಆರ್ ಬಿ ರೈಲು ಶಾರ್ಲ್ ದ ಗಾಲ್ ವಿಮಾನ ನಿಲ್ದಾಣಕ್ಕೆ ಅರ್ಧ ಗಂಟೆಯ ಮೇಲೆ ಸ್ವಲ್ಪದರಲ್ಲಿ ತಲುಪಿಸುತ್ತದೆ. ಸಾಮಾನ್ಯ ಮೆಟ್ರೊ ಟಿಕೆಟ್ ಅದಕ್ಕೆ ನಡೆಯದು, ವಿಮಾನ ನಿಲ್ದಾಣದ ಟಿಕೆಟ್ಟೇ ತೆಗೆಯಿರಿ. ತಪ್ಪು ಟಿಕೆಟ್ಟಿಗೆ ಅಲ್ಲೇ ದಂಡ. ನಂಟರಿಗೆ ಸುಗಂಧದ್ರವ್ಯ, ಕೈಚೀಲ ಕೊಳ್ಳುವುದಿದ್ದರೆ ಲಂಡನ್ನಿನಲ್ಲಿ ಕೊಳ್ಳಬೇಡಿ, ಪ್ಯಾರಿಸ್ಸಿನಲ್ಲಿ ಕೊಳ್ಳಿ: ಪ್ರವಾಸಿಗರಿಗೆ ವ್ಯಾಟ್ ಮರಳಿಸುವುದನ್ನು ಬ್ರಿಟನ್ 2021ರಿಂದ ನಿಲ್ಲಿಸಿದೆ, ಫ್ರಾನ್ಸ್ ಕೊಡುತ್ತದೆ. ಒಂದೇ ಅಂಗಡಿಯಲ್ಲಿ 100 ಯೂರೋಗಿಂತ ಹೆಚ್ಚು ಕೊಂಡು, ಪಾಸ್‌ಪೋರ್ಟು ತೋರಿಸಿ ‘ದೆತಾಕ್ಸ್’ ಚೀಟಿ ಕೇಳಿ ಪಡೆಯಿರಿ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಒಪ್ಪಿಸುವ ಮೊದಲು ‘ಪಾಬ್ಲೊ’ ಎಂದು ಬರೆದ ಯಂತ್ರದಲ್ಲಿ ಆ ಚೀಟಿಯ ಕೋಡು ಹಿಡಿಯಿರಿ. ಪರದೆ ಹಸಿರಾದರೆ ಆಯಿತು. ಕೆಂಪಾದರೆ ಸಾಮಾನು ಸಮೇತ ಪಕ್ಕದ ಕಸ್ಟಮ್ಸ್ ಕಟ್ಟೆಗೆ ಹೋಗಬೇಕು, ಅದಕ್ಕೆಂದೇ ಇನ್ನೊಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.