ಆಗಸ್ಟ್ ಸೆಕೆಯಲ್ಲಿ ಮಕ್ಕಳ ಜೊತೆ ಟೋಕಿಯೋ: ಬೆಳಿಗ್ಗೆ ಕೆರೆ, ಮಧ್ಯಾಹ್ನ ಡೈನೋಸಾರ್, ಸಂಜೆ ನದಿ

ಮೊನ್ನೆ ಅಮ್ಮ ಉಡುಪಿಯಿಂದ ಫೋನ್ ಮಾಡಿ "ಅಲ್ಲಿಯೂ ಸೆಕೆಯಾ ಮಾರಾಯ್ತಿ?" ಅಂತ ಕೇಳಿದರು. ನಾನು ಉತ್ತರ ಹೇಳಲಿಲ್ಲ, ಫೋನನ್ನು ಕಿಟಕಿಯಿಂದ ಹೊರಗೆ ಹಿಡಿದೆ. ಜೀರುಂಡೆಗಳ ಕಿರುಚಾಟ ಕೇಳಿ ಅವರೇ "ಓ, ನಮ್ಮ ಮೇ ತಿಂಗಳು" ಅಂದರು. ಸರಿಯಾಗಿಯೇ ಹೇಳಿದರು. ಆದರೆ ನಮ್ಮೂರಲ್ಲಿ ಸಂಜೆ ಸಮುದ್ರದ ಗಾಳಿ ಬರುತ್ತದೆ. ದಾರಿಯಲ್ಲಿ ಬೊಂಡ ಸಿಗುತ್ತದೆ. ಇಲ್ಲಿ ಕಾಂಕ್ರೀಟು ರಾತ್ರಿಯೂ ಬಿಸಿ ಉಗುಳುತ್ತಲೇ ಇರುತ್ತದೆ. 35 ಡಿಗ್ರಿ ದಾಟಿದ ದಿನಕ್ಕೆ ಜಪಾನಿನವರು 'ಮೋಶೊಬಿ' ಅಂತ ಬೇರೆ ಹೆಸರೇ ಇಟ್ಟಿದ್ದಾರೆ. ಬೆಂಗಳೂರಿನಿಂದ ಬರುವವರು "35 ಏನು ಮಹಾ" ಅನ್ನುತ್ತಾರೆ. ಅದು ಒಣ 35, ಇದು ಒದ್ದೆ 35. ಬೆವರು ಆರುವುದೇ ಇಲ್ಲ.

ನಾವಿರುವುದು ನಿಶಿ ಕಸಾಯ್‌ನಲ್ಲಿ. ಟೋಕಿಯೋದಲ್ಲಿ ಭಾರತೀಯರು ಜಾಸ್ತಿ ಇರುವ ಜಾಗ ಇದು. ಮಗಳಿಗೆ ಎಂಟು, ಪುಟ್ಟನಿಗೆ ನಾಲ್ಕು. ಇಲ್ಲಿನ ಶಾಲೆಗಳಿಗೆ ಬೇಸಿಗೆ ರಜೆ ಜುಲೈ ಕೊನೆಯಿಂದ ಆಗಸ್ಟ್ ಕೊನೆಯವರೆಗೆ, ಅಂದರೆ ಸುಡುವ ಹೊತ್ತಿಗೇ. ಹಾಗಾಗಿ ನೆಂಟರು ಬಂದರೂ ಬರದಿದ್ದರೂ ಮಕ್ಕಳನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಲೇಬೇಕು.

ಎರಡು ವರ್ಷದ ಹಿಂದೆ ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಹನ್ನೊಂದಕ್ಕೆ ಅಸಾಕುಸಾ, ಒಂದಕ್ಕೆ ಸ್ಕೈಟ್ರೀ ಗೋಪುರ, ನಾಲ್ಕಕ್ಕೆ ಅಕಿಹಾಬಾರಾ ಅಂತ ಚೀಟಿ ಬರೆದುಕೊಂಡು ಹೊರಟಿದ್ದೆ. ಪುಟ್ಟ ತಳ್ಳುಗಾಡಿಯಲ್ಲಿ ಸುಮ್ಮನಾದ. ನಿದ್ದೆ ಬಂತು, ಒಳ್ಳೆಯದೇ ಆಯ್ತು ಅಂದುಕೊಂಡೆ. ಸ್ಟೇಷನ್ ಪ್ಲಾಟ್‌ಫಾರಂನಲ್ಲಿ ಒಬ್ಬರು ಅಜ್ಜಿ ಬಗ್ಗಿ ಅವನ ಮುಖ ನೋಡಿದರು. ಏನೂ ಹೇಳದೆ ತಮ್ಮ ಚೀಲದಿಂದ ಬಟ್ಟೆ ಸುತ್ತಿದ ಮಂಜುಗಡ್ಡೆಯಂಥ ಬಾಟಲಿ ತೆಗೆದು ಅವನ ಕುತ್ತಿಗೆಗೆ ಇಟ್ಟರು. ಆಗ ನೋಡಿದೆ, ಮುಖ ಕೆಂಪಗೆ ಕಾದಿತ್ತು. ಆಮೇಲೆ ಇಲ್ಲಿನ ಪರಿಸರ ಸಚಿವಾಲಯದ ಕೈಪಿಡಿಯಲ್ಲಿ ಓದಿದೆ: ನಮ್ಮ ಎತ್ತರದಲ್ಲಿ 32.3 ಡಿಗ್ರಿ ಇದ್ದಾಗ, ನೆಲದಿಂದ 50 ಸೆಂಟಿಮೀಟರ್ ಎತ್ತರದಲ್ಲಿ 35 ದಾಟಿರುತ್ತದೆಯಂತೆ. ಅಂದರೆ ನಾನೂ ಮಗನೂ ಒಂದೇ ರಸ್ತೆಯಲ್ಲಿ ಬೇರೆ ಬೇರೆ ಹವೆಯಲ್ಲಿ ಹೋಗುತ್ತಿದ್ದೆವು.

ಅವತ್ತಿನಿಂದ ನಮ್ಮ ಮನೆಯ ಕ್ರಮ ಇದು: ಒಂಬತ್ತರ ತನಕ ಹೊರಗೆ, ಐದರ ತನಕ ಏಸಿಯಲ್ಲಿ, ಐದಾದ ಮೇಲೆ ಮತ್ತೆ ಹೊರಗೆ. ಒಂದು ದಿನಕ್ಕೆ ದೊಡ್ಡ ಜಾಗ ಒಂದೇ.

ಹಿಂದಿನ ರಾತ್ರಿ

ಅಂಗಡಿಯಲ್ಲಿ 'ಮುಗಿಚಾ' ಅಂತ ಬಾರ್ಲಿ ಚಹಾದ ಪೊಟ್ಟಣ ಸಿಗುತ್ತದೆ. ಅದರಲ್ಲಿ ಕೆಫೀನ್ ಇಲ್ಲ, ಮಕ್ಕಳು ಎಷ್ಟು ಕುಡಿದರೂ ಚಿಂತೆಯಿಲ್ಲ. ತಣ್ಣೀರಿಗೇ ಹಾಕಿಟ್ಟರೆ ಸಾಕು. ಎರಡು ಪ್ಲಾಸ್ಟಿಕ್ ಬಾಟಲಿಗೆ ತುಂಬಿಸಿ ಫ್ರೀಜರಿನಲ್ಲಿಡಿ. ಪೂರ್ತಿ ತುಂಬಿಸಬೇಡಿ, ನಾಲ್ಕು ಬೆರಳು ಜಾಗ ಬಿಡಿ, ಇಲ್ಲದಿದ್ದರೆ ಬಾಟಲಿ ಒಡೆಯುತ್ತದೆ. ಮೂರನೆಯ ಬಾಟಲಿ ಹೆಪ್ಪುಗಟ್ಟದ್ದು ಇರಲಿ. ಇದನ್ನು ಮರೆತು ಒಮ್ಮೆ ಮೂರೂ ಕಲ್ಲಿನಂಥ ಬಾಟಲಿ ಹೊತ್ತುಕೊಂಡು ಹೋಗಿ, ಕುಡಿಯಲು ಹನಿ ನೀರಿಲ್ಲದೆ ಒದ್ದಾಡಿದ್ದೇವೆ.

ಊಟಕ್ಕೆ ಮೊಸರನ್ನ. ನಗಬೇಡಿ. ನಾವು ಸಸ್ಯಾಹಾರಿಗಳು. ಇಲ್ಲಿನ ಅಂಗಡಿಗಳ ಅನ್ನದುಂಡೆ ಓನಿಗಿರಿ ಚಂದವೇ, ಆದರೆ ಸಮುದ್ರದ ಸೊಪ್ಪು ತುಂಬಿದ್ದಕ್ಕೂ ಹಲವು ಸಲ ಮೀನಿನ ಸಾರ ಹಾಕಿರುತ್ತಾರೆ. ಪ್ರತಿ ಸಲ ಫೋನ್ ಹಿಡಿದು ಲೇಬಲ್ ಅನುವಾದ ನೋಡುವಾಗ ಪಕ್ಕದಲ್ಲಿ ಎರಡು ಮಕ್ಕಳು "ಹಸಿವು ಹಸಿವು" ಅಂದರೆ ತಲೆ ಕೆಡುತ್ತದೆ. ಅನ್ನವನ್ನು ಬೆಳಿಗ್ಗೆ ಮೆತ್ತಗೆ ಮಾಡಿ, ಪೂರ್ತಿ ಆರಿಸಿ, ತಣ್ಣನೆ ಹಾಲಿನಲ್ಲಿ ಕಲಸಿ ಒಂದೇ ಒಂದು ಚಮಚ ಮೊಸರು ಹಾಕಿ. ಬರೀ ಮೊಸರಲ್ಲೇ ಕಲಸಿದರೆ ಮಧ್ಯಾಹ್ನಕ್ಕೆ ಹುಳಿಯಾಗಿ ಪುಟ್ಟ ಮುಖ ಸಿಂಡರಿಸುತ್ತಾನೆ. ಡಬ್ಬಿಯನ್ನು ಆ ಹೆಪ್ಪುಗಟ್ಟಿದ ಬಾಟಲಿಗಳ ಮಧ್ಯೆ, ಒಳಗೆ ಬೆಳ್ಳಿಬಣ್ಣದ ಪದರ ಇರುವ ಚೀಲದಲ್ಲಿಡಿ. ಅಂಥ ಚೀಲ ನೂರು ಯೆನ್ ಅಂಗಡಿಯಲ್ಲೇ ಸಿಗುತ್ತದೆ. ಊಟದ ಹೊತ್ತಿಗೆ ಅನ್ನ ತಣ್ಣಗೆ, ಚಹಾ ಅರ್ಧ ಕರಗಿ ಎರಡೂ ಹದಕ್ಕೆ ಬಂದಿರುತ್ತವೆ. ಜೊತೆಗೆ ಮಾವಿನ ಮಿಡಿ. ಬೆವರಿ ಹೋದ ಉಪ್ಪಿಗೆ ಇಲ್ಲಿನವರು ಉಪ್ಪಿನ ಮಿಠಾಯಿ ಚೀಪುತ್ತಾರೆ, ನಮಗೆ ಮಿಡಿ ಸಾಕು.

ಇನ್ನು ಟೋಪಿ, ಕೊಡೆ, ಪ್ರತಿ ಮಗುವಿಗೂ ಒಂದು ಒಣ ಟೀ ಶರ್ಟ್. ಶರ್ಟ್ ಮುಖ್ಯ. ರೈಲಿನ ಏಸಿ ಎಷ್ಟು ಜೋರು ಅಂದರೆ, ಒದ್ದೆ ಬೆನ್ನಲ್ಲಿ ಕೂತ ಮಗು ಇಪ್ಪತ್ತು ನಿಮಿಷದಲ್ಲಿ ಸೀನಲು ಶುರುಮಾಡುತ್ತದೆ. ಕಸಕ್ಕೆ ಒಂದು ಖಾಲಿ ಚೀಲವೂ ಇರಲಿ. ಈ ಊರಿನ ರಸ್ತೆಗಳಲ್ಲಿ ಕಸದ ಬುಟ್ಟಿ ಕಾಣಸಿಗುವುದೇ ಅಪರೂಪ.

ಬೆಳಿಗ್ಗೆ: ಕೆರೆ

ಆರೂವರೆಗೆ ಮನೆ ಬಿಡಿ. ಅತಿಯಾಯ್ತು ಅನ್ನಿಸಿದರೂ ಬಿಡಿ. ಆಗಸ್ಟಿನಲ್ಲಿ ಇಲ್ಲಿ ಐದಕ್ಕೆಲ್ಲ ಬೆಳಕಾಗಿರುತ್ತದೆ. ನಮ್ಮ ಮೆಟ್ರೋ ತೋಜಾಯ್ ಲೈನ್‌ನಲ್ಲಿ ಎಂಟರ ಹೊತ್ತಿಗೆ ಮಕ್ಕಳನ್ನು ಹತ್ತಿಸುವುದು ಅಂದರೆ ಉಪ್ಪಿನಕಾಯಿ ಭರಣಿಗೆ ಇನ್ನೆರಡು ಮಿಡಿ ತುರುಕಿದ ಹಾಗೆ. ನಿಹೊಂಬಾಶಿಯಲ್ಲಿ ಇಳಿದು ಗಿಂಜಾ ಲೈನ್ ಹಿಡಿದರೆ ಉಯೆನೊ. ಆರಕ್ಕಿಂತ ಚಿಕ್ಕವರಿಗೆ ದೊಡ್ಡವರ ಜೊತೆ ಟಿಕೆಟ್ ಬೇಡ, ಒಬ್ಬರ ಜೊತೆ ಇಬ್ಬರು ಹೋಗಬಹುದು. ಪ್ರೈಮರಿ ಶಾಲೆಯ ಮಕ್ಕಳಿಗೆ ಅರ್ಧ. ಅವರ ರೈಲು ಕಾರ್ಡ್ ಮಾಡಿಸಲು ಪಾಸ್‌ಪೋರ್ಟ್ ತೋರಿಸಿ. ಆ ಕಾರ್ಡ್ ಮುಟ್ಟಿಸಿದರೆ ಗೇಟು 'ಪಿಯೊ ಪಿಯೊ' ಅಂತ ಕೋಳಿಮರಿ ಹಾಗೆ ಕೂಗುತ್ತದೆ. ತನಗೆ ಯಾಕೆ ಕೂಗುವುದಿಲ್ಲ ಅಂತ ಪುಟ್ಟ ಪ್ರತಿ ಸಲ ಜಗಳ ತೆಗೆಯುತ್ತಾನೆ.

ಉಯೆನೊದ ಶಿನೊಬಾಜು ಕೆರೆಯ ಒಂದು ಭಾಗ ಪೂರ್ತಿ ತಾವರೆ. ಜುಲೈನಿಂದ ಆಗಸ್ಟ್ ಮಧ್ಯದ ತನಕ ಹೂವು. ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತವೆ, ಹಾಗಾಗಿ ಹತ್ತು ಗಂಟೆಗೆ ಎದ್ದು ಬರುವವರಿಗೆ ಎಲೆ ಮಾತ್ರ. ಎಲೆಗಳು ಮಗಳ ತಲೆಗಿಂತ ಎತ್ತರ. ಕೆರೆಯ ನಡುವಿನ ದ್ವೀಪದಲ್ಲಿ ಬೆಂತೆನ್ ಗುಡಿ ಇದೆ. ಬೆಂತೆನ್ ಅಂದರೆ ನಮ್ಮ ಸರಸ್ವತಿಯೇ, ಬೌದ್ಧರ ಜೊತೆ ಚೀನಾ ದಾಟಿ ಬಂದವಳು. ಕೈಯಲ್ಲಿ ವೀಣೆ ಬದಲು ಬಿವಾ ಅನ್ನುವ ತಂತಿವಾದ್ಯ. ರಜೆಯ ಹೋಮ್‌ವರ್ಕ್ ಬಾಕಿ ಇರುವ ಮಗಳು ಇಲ್ಲಿ ಸ್ವಲ್ಪ ಹೆಚ್ಚೇ ಹೊತ್ತು ಕೈ ಮುಗಿಯುತ್ತಾಳೆ.

ಅಲ್ಲಿಂದ ಮೇಲೆ ಪಾರ್ಕಿಗೆ ಹತ್ತುವಾಗ ಮರದ ಬುಡಗಳನ್ನು ನೋಡಿ. ಜೀರುಂಡೆ ಕಳಚಿಟ್ಟ ಪೊರೆಗಳು ಅಂಟಿಕೊಂಡಿರುತ್ತವೆ. ಜೇನಿನ ಬಣ್ಣ, ಬೆನ್ನಲ್ಲಿ ಉದ್ದ ಸೀಳು, ಒಳಗೆ ಬಿಳಿ ದಾರದಂಥದ್ದು ಜೋತಾಡುತ್ತದೆ. ಕಾಲಿನ ಮುಳ್ಳುಗಳು ಇನ್ನೂ ಗಟ್ಟಿ, ಅಂಗಿಗೆ ಸಿಕ್ಕಿಸಿದರೆ ಹಾಗೇ ನಿಲ್ಲುತ್ತದೆ. ಇಲ್ಲಿನ ಮಕ್ಕಳು ಅದನ್ನೇ ಎದೆಗೆ ಬ್ಯಾಡ್ಜ್ ಮಾಡಿಕೊಳ್ಳುತ್ತಾರೆ. ಕಾಸಿಲ್ಲದ ಆಟಿಕೆ, ಅರ್ಧ ಗಂಟೆ ಆರಾಮ.

ಬಿಸಿಲು ಏರಿದಾಗ: ಮ್ಯೂಸಿಯಂ

ಒಂಬತ್ತಕ್ಕೆ ಅದೇ ಪಾರ್ಕಿನಲ್ಲಿರುವ ರಾಷ್ಟ್ರೀಯ ಪ್ರಕೃತಿ ಮತ್ತು ವಿಜ್ಞಾನ ಮ್ಯೂಸಿಯಂ ಬಾಗಿಲು ತೆರೆಯುತ್ತದೆ. ಹೊರಗೆ ದೊಡ್ಡ ನೀಲಿ ತಿಮಿಂಗಿಲದ ಮಾದರಿ ನಿಂತಿದೆ, ಗುರುತು ಸಿಗದೇ ಇರಲ್ಲ. ದೊಡ್ಡವರಿಗೆ 630 ಯೆನ್, ಹೈಸ್ಕೂಲ್ ತನಕದ ಮಕ್ಕಳಿಗೆ ಪುಕ್ಕಟೆ. ವಿಶೇಷ ಪ್ರದರ್ಶನಗಳಿಗೆ ಬೇರೆ ಟಿಕೆಟ್, ಅದು ಬೇಡ. ಸೋಮವಾರ ಸಾಮಾನ್ಯವಾಗಿ ರಜೆ, ಹೊರಡುವ ಮೊದಲು ವೆಬ್‌ಸೈಟ್ ನೋಡಿಕೊಳ್ಳಿ.

ನೇರ ಹೊಸ ಕಟ್ಟಡದ ನೆಲಮಾಳಿಗೆಗೆ ಇಳಿಯಿರಿ, ಡೈನೋಸಾರ್ ಅಲ್ಲಿದೆ. ಟಿ ರೆಕ್ಸ್ ಇಲ್ಲಿ ಬಾಯಿ ತೆರೆದು ನಿಂತಿಲ್ಲ, ಮಂಡಿ ಮಡಿಸಿ ಕುಕ್ಕರುಗಾಲಲ್ಲಿ ಹೊಂಚುಹಾಕಿ ಕೂತಿದೆ. ಪುಟ್ಟ ಅದರ ಮುಂದೆ ಹಾಗೇ ಕೂತು "ಇದಕ್ಕೂ ಕಾಲು ನೋವಾ ಅಮ್ಮ?" ಅಂದ. ಮೂರನೇ ಮಹಡಿಯಲ್ಲಿ ಸಾಲು ಸಾಲು ಪ್ರಾಣಿಗಳು, ನಿಜವಾದ ಚರ್ಮ ತುಂಬಿಸಿ ಮಾಡಿದವು.

ಆದರೆ ನನಗೆ ಇಷ್ಟ ಹಳೆಯ ಕಟ್ಟಡ. ಅಲ್ಲಿ ಹಾಚಿ ಇದ್ದಾನೆ. ಸತ್ತ ಯಜಮಾನನಿಗಾಗಿ ವರ್ಷಗಟ್ಟಲೆ ಶಿಬುಯಾ ಸ್ಟೇಷನ್‌ನಲ್ಲಿ ಕಾದ, 1935ರಲ್ಲಿ ತೀರಿಕೊಂಡ ಅದೇ ನಾಯಿ. ಎಲ್ಲರೂ ಶಿಬುಯಾದ ಉರಿಬಿಸಿಲಲ್ಲಿ ಅವನ ಪ್ರತಿಮೆ ಜೊತೆ ಫೋಟೋಗೆ ಕ್ಯೂ ನಿಲ್ಲುತ್ತಾರೆ. ನಿಜವಾದ ಹಾಚಿ ಇಲ್ಲಿ ಏಸಿಯಲ್ಲಿ ನಿಂತಿದ್ದಾನೆ, ಕ್ಯೂ ಇಲ್ಲ.

ಮೊಸರನ್ನವನ್ನು ಪ್ರದರ್ಶನದ ಕೋಣೆಗಳಲ್ಲಿ ಬಿಚ್ಚಬೇಡಿ. ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ ಕೂತು ತಿನ್ನುವ ಲೌಂಜ್ ಇದೆ. ಹನ್ನೊಂದೂವರೆಗೇ ಕೂತುಬಿಡಿ, ಆಮೇಲೆ ಜಾಗ ಸಿಗಲ್ಲ.

ಒಂದು ಗಂಟೆಗೆ ಹೊರಡಿ, ಮಕ್ಕಳು ಇನ್ನೂ ಖುಷಿಯಲ್ಲಿರುವಾಗಲೇ. ನಾವು ಮನೆಗೆ ಹೋಗಿ ಮಲಗುತ್ತೇವೆ. ಪ್ರವಾಸಕ್ಕೆ ಬಂದವರು ಹೋಟೆಲನ್ನು ಉಯೆನೊ ಅಥವಾ ಅಸಾಕುಸಾ ಕಡೆಯೇ ಹಿಡಿಯಿರಿ, ಈ ಮಧ್ಯಾಹ್ನದ ನಿದ್ದೆಗೋಸ್ಕರವೇ. ದಾರಿಯಲ್ಲಿ ನೀಲಿ ಅಲೆಯ ಮೇಲೆ ಕೆಂಪು ಅಕ್ಷರ ಬರೆದ ಬಾವುಟ ಕಂಡರೆ ನಿಲ್ಲಿ, ಅದು ಕಾಕಿಗೋರಿ ಅಂಗಡಿ. 'ನೀರು' ಅನ್ನುವ ಅಕ್ಷರಕ್ಕೆ ಒಂದು ಚುಕ್ಕಿ ಸೇರಿಸಿದರೆ 'ಮಂಜುಗಡ್ಡೆ', ಇದನ್ನು ನನಗೆ ಕಲಿಸಿದ್ದು ಮಗಳು. ನಮ್ಮ ಐಸ್ ಗೋಲಾದ ಹಾಗೇ, ಆದರೆ ಹತ್ತಿಯಷ್ಟು ನುಣ್ಣಗೆ ಹೆರೆದಿರುತ್ತಾರೆ. ಇಬ್ಬರಿಗೆ ಒಂದೇ ಸಾಕು.

ನಡುವೆ ಏನಾದರೂ ಆದರೆ

ರಚ್ಚೆ ಹಿಡಿಯುವ ಮಗುವಿಗಿಂತ ಸುಮ್ಮನಾದ ಮಗುವನ್ನು ಜಾಸ್ತಿ ಗಮನಿಸಿ. ಮುಖ ಕೆಂಪಾಗಿದ್ದರೆ, ತಲೆನೋವು, ವಾಂತಿ ಅಂದರೆ ತಕ್ಷಣ ತಂಪಿಗೆ ಕರೆದುಕೊಂಡು ಹೋಗಿ. ಹೆಪ್ಪುಗಟ್ಟಿದ ಬಾಟಲಿಗೆ ಬಟ್ಟೆ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ತಾನಾಗಿ ಕುಡಿಯಲಾಗದಿದ್ದರೆ, ಕರೆದಾಗ ಸರಿಯಾಗಿ ಓಗೊಡದಿದ್ದರೆ 119ಕ್ಕೆ ಫೋನ್ ಮಾಡಿ. 'ನೆಚ್ಚೂಶೋ' ಅನ್ನುವ ಒಂದು ಪದ ಕಲಿತಿರಿ, ಬಿಸಿಲಿನ ಹೊಡೆತ ಅಂತ ಅರ್ಥ. ಆ ಪದ ಕೇಳಿದರೆ ಯಾರಿಗಾದರೂ ಅರ್ಥವಾಗುತ್ತದೆ.

ಸಂಜೆ: ಅಸಾಕುಸಾ

ಐದು ಗಂಟೆಗೆ ಮತ್ತೆ ಗಿಂಜಾ ಲೈನ್. ಉಯೆನೊದಿಂದ ಅಸಾಕುಸಾಕ್ಕೆ ಮೂರೇ ಸ್ಟೇಷನ್. 1927ರಲ್ಲಿ ಶುರುವಾದ ಏಷ್ಯಾದ ಮೊದಲ ಮೆಟ್ರೋ ಇದೇ ತುಂಡು. ರೈಲು ಹುಚ್ಚಿರುವ ಮಕ್ಕಳಿಗೆ ಹೇಳಿ, ದಾರಿ ಬೇಗ ಸಾಗುತ್ತದೆ.

ಸೆನ್ಸೋಜಿ ದೇವಸ್ಥಾನದ ಒಳಗುಡಿ ಐದಕ್ಕೇ ಮುಚ್ಚುತ್ತದೆ. ಪರವಾಗಿಲ್ಲ, ಅಂಗಳ ತೆರೆದೇ ಇರುತ್ತದೆ, ಕತ್ತಲಾದ ಮೇಲೆ ದೀಪ ಹಾಕುತ್ತಾರೆ, ಹಗಲಿನ ಜಂಗುಳಿ ಇರುವುದಿಲ್ಲ. ದೊಡ್ಡ ಕೆಂಪು ಲಾಟೀನಿನ ಬಾಗಿಲಿಗೆ ಎದುರೇ ಪ್ರವಾಸಿ ಮಾಹಿತಿ ಕೇಂದ್ರದ ಮರದ ಪಟ್ಟಿಗಳ ಕಟ್ಟಡ ಇದೆ. ಎಂಟನೇ ಮಹಡಿಗೆ ಲಿಫ್ಟಿನಲ್ಲಿ ಹೋಗಿ, ಪುಕ್ಕಟೆ. ಕೆಳಗೆ ಅಂಗಡಿ ಬೀದಿ, ಆ ಕಡೆ 634 ಮೀಟರಿನ ಸ್ಕೈಟ್ರೀ. ದುಡ್ಡು ಕೊಟ್ಟು ಸ್ಕೈಟ್ರೀ ಹತ್ತಿದರೆ ಸ್ಕೈಟ್ರೀಯೇ ಕಾಣುವುದಿಲ್ಲ ಅಲ್ವಾ?

ಆಮೇಲೆ ಸುಮಿದಾ ನದಿ ದಂಡೆ. ಇಡೀ ದಿನದಲ್ಲಿ ಗಾಳಿ ಅಂತ ಬೀಸುವುದು ಇಲ್ಲೇ. ಮಕ್ಕಳು ಓಡಲಿ, ನೀವು ಕೂತುಕೊಳ್ಳಿ. ಏಳಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ಏಳೂವರೆಗೆ ರೈಲು ಹತ್ತಿ.

ಮನೆಗೆ ಬಂದು ಬೆವರಿನ ಬಟ್ಟೆಯನ್ನೆಲ್ಲ ವಾಷಿಂಗ್ ಮೆಷಿನ್‌ಗೆ ಹಾಕುವ ಮುಂಚೆ ಜೇಬುಗಳನ್ನು ನೋಡಿ. ಕಳೆದ ವರ್ಷ ನಾನು ನೋಡಿರಲಿಲ್ಲ. ಹನ್ನೊಂದು ಜೀರುಂಡೆ ಪೊರೆಗಳು ಪುಡಿಪುಡಿಯಾಗಿ ನನ್ನ ಕಪ್ಪು ಪ್ಯಾಂಟಿಗೆಲ್ಲ ಅಂಟಿಕೊಂಡವು, ಮತ್ತು ಪುಟ್ಟ ಮೆಷಿನ್ ಮುಂದೆ ಕೂತು ಅರ್ಧ ಗಂಟೆ ಅತ್ತ.