ಒಂದೇ ಎಂಜಿನ್, ಎರಡು ಬಗೆಯ ಬ್ರೀದರ್

ದಿನನಿತ್ಯದ ಕಾರಿನಲ್ಲೂ ಟ್ರ್ಯಾಕಿಗೆ ಒಯ್ಯುವ ಕಾರಿನಲ್ಲೂ ನನ್ನ ಬಳಿ ಇರುವುದು ಒಂದೇ ಮಾದರಿಯ 1300 ಸಿಸಿ ಪೆಟ್ರೋಲ್ ಎಂಜಿನ್. ಪಿಸ್ಟನ್ ರಿಂಗ್‌ಗಳು ಎಷ್ಟೇ ಹೊಸದಾಗಿದ್ದರೂ ಸಿಲಿಂಡರಿನ ಅನಿಲದ ಸ್ವಲ್ಪ ಭಾಗ ಅವುಗಳನ್ನು ದಾಟಿ ಎಂಜಿನ್ನಿನ ಕೆಳಭಾಗದ ಕ್ರ್ಯಾಂಕ್‌ಕೇಸಿಗೆ ನುಸುಳುತ್ತದೆ. ಅದಕ್ಕೆ ಬ್ರೀದರ್ ಎಂಬ ಹೊರದಾರಿ ಸಾಲದಿದ್ದರೆ ಒತ್ತಡ ಏರಿ ಸೀಲ್‌ಗಳಿಂದ ಆಯಿಲ್ ಜಿನುಗತೊಡಗುತ್ತದೆ.

ರೇಸ್ ಕಾರಿಗೆ ಒಪ್ಪುವುದನ್ನು ಮನೆಯ ಕಾರಿಗೂ ಮಾಡಿದ್ದು ನನ್ನ ತಪ್ಪು. ಆ ಅನಿಲವನ್ನು ಮತ್ತೆ ಎಂಜಿನ್ನಿಗೇ ಉರಿಯಲು ಕಳಿಸುವ ಪಿಸಿವಿ ವಾಲ್ವ್ ಕಿತ್ತು, ಎಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿನ ತೂತನ್ನು ಮುಚ್ಚಿ, ಎಂಜಿನ್ ಮೇಲಿನ ಟ್ಯಾಪೆಟ್ ಕವರಿನ ಪೈಪನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡ, ಆಯಿಲ್ ಹಿಡಿದಿಡುವ ಕ್ಯಾಚ್ ಕ್ಯಾನಿಗೆ ಜೋಡಿಸಿ, ಅದರ ಬಾಯನ್ನು ಗಾಳಿಗೆ ಬಿಟ್ಟಿದ್ದೆ. ಮಳೆಗಾಲದಲ್ಲಿ ಎರಡು ತಿಂಗಳು ಸಿಲ್ಕ್ ಬೋರ್ಡ್ ದಟ್ಟಣೆಯಲ್ಲಿ ತೆವಳಿದ ಮೇಲೆ ಆಯಿಲ್ ಮುಚ್ಚಳ ತೆರೆದರೆ ಒಳಗೆಲ್ಲ ಬೆಣ್ಣೆಯಂಥ ಕಂದು ಲೇಪ. ಹೆಡ್ ಗ್ಯಾಸ್ಕೆಟ್ ಹೋಗಿ ರೇಡಿಯೇಟರ್ ನೀರು ಆಯಿಲಿಗೆ ಸೇರುತ್ತಿದೆಯೆಂದು ಹೆದರಿ ವಾರವಿಡೀ ಆ ನೀರಿನ ಮಟ್ಟವನ್ನು ಗಮನಿಸಿದೆ. ಅದು ಸ್ವಲ್ಪವೂ ಇಳಿಯಲಿಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಾವಿಯೇ ತಣಿದು ಆಯಿಲಿನೊಡನೆ ಕಡೆದುಕೊಂಡಿತ್ತು.

ಪಿಸಿವಿ ಕೇವಲ ಹೊಗೆ ಬಿಡುವ ಕಿಂಡಿಯಲ್ಲ ಎಂಬುದು ನನಗೆ ಮನವರಿಕೆಯಾದದ್ದು ಆಗಲೇ. ಥ್ರಾಟಲ್ ಮುಚ್ಚಿರುವಾಗ ಮ್ಯಾನಿಫೋಲ್ಡಿನ ನಿರ್ವಾತವು ವಾಲ್ವ್ ಮೂಲಕ ಅನಿಲವನ್ನು ಎಳೆದುಕೊಳ್ಳುತ್ತದೆ, ಅದೇ ಎಳೆತಕ್ಕೆ ಏರ್ ಫಿಲ್ಟರಿನಿಂದ ಶುದ್ಧ ಗಾಳಿ ಒಳಬಂದು ನೀರಾವಿಯನ್ನೂ ಉರಿಯದ ಪೆಟ್ರೋಲನ್ನೂ ಗುಡಿಸಿಕೊಂಡು ಹೋಗುತ್ತದೆ. ಬರೀ ತೆರೆದ ಪೈಪಿನಲ್ಲಿ ಈ ಗುಡಿಸುವಿಕೆ ಇಲ್ಲ. ಮೇಲಾಗಿ ಆ ಹೊಗೆ ಊರಿನ ಗಾಳಿಗೇ ಸೇರುತ್ತದೆ. ಅದನ್ನು ತಡೆಯಲೆಂದೇ ಕ್ಯಾಲಿಫೋರ್ನಿಯಾದ ಹೊಸ ಕಾರುಗಳಿಗೆ 1961ರಲ್ಲೇ ಈ ವಾಲ್ವ್ ಬಂದಿತ್ತು. ಈಗ ವಾಲ್ವ್ ತನ್ನ ಜಾಗದಲ್ಲಿದೆ, ಜಾಲರಿಯುಳ್ಳ ಮುಚ್ಚಿದ ಕ್ಯಾನ್ ಅದಕ್ಕೂ ಮ್ಯಾನಿಫೋಲ್ಡಿಗೂ ನಡುವೆ ಕೂತಿದೆ.

ಟ್ರ್ಯಾಕಿನ ಮಾತು ಬೇರೆ. ಪೂರ್ಣ ಥ್ರಾಟಲ್‌ನಲ್ಲಿ ನಿರ್ವಾತ ಹೆಚ್ಚುಕಡಿಮೆ ಇಲ್ಲವಾಗುತ್ತದೆ, ನುಸುಳುವ ಅನಿಲ ಮಾತ್ರ ಅತಿ ಹೆಚ್ಚಾಗಿರುತ್ತದೆ. ಅದು ಶುದ್ಧ ಗಾಳಿಯ ಪೈಪಿನಲ್ಲೇ ಹಿಂದಿರುಗಿ ಆಯಿಲನ್ನು ಇನ್‌ಟೇಕಿಗೆ ಒಯ್ದರೆ ನಾಕಿಂಗ್, ಅಂದರೆ ಸಿಲಿಂಡರಿನ ಮಿಶ್ರಣ ತಾನಾಗಿಯೇ ಸಿಡಿಯುವುದು, ಶುರುವಾಗುತ್ತದೆ. ಚೆನ್ನೈ ಬಳಿಯ ಇರುಂಗಾಟುಕೋಟೈ ಟ್ರ್ಯಾಕಿನ ಉದ್ದ ತಿರುವುಗಳಲ್ಲಿ ಆಯಿಲ್ ಹೆಡ್‌ನ ಒಂದು ಬದಿಗೆ ಸರಿದು ಬ್ರೀದರ್ ಬಾಯಿಗೇ ಬರುತ್ತಿತ್ತು. ಟ್ಯಾಪೆಟ್ ಕವರಿನೊಳಗೆ ತಡೆತಗಡು ಬೆಸೆಯಿಸಿ, 9 ಮಿ.ಮೀ. ಪೈಪಿನ ಬದಲು 19 ಮಿ.ಮೀ.ನ ಎರಡು ಪೈಪುಗಳನ್ನು ಎಲ್ಲೂ ತಗ್ಗಾಗದಂತೆ 2 ಲೀಟರ್ ಕ್ಯಾನಿಗೆ ಏರಿಸಿದೆ. ಡಿಪ್‌ಸ್ಟಿಕ್ ಕೊಳವೆಗೆ ನೀರು ತುಂಬಿದ ಪಾರದರ್ಶಕ ಯು-ಟ್ಯೂಬ್ ಜೋಡಿಸಿ, ಎಂಜಿನ್ ಶಕ್ತಿ ಅಳೆಯುವ ಡೈನೋ ಮೇಲೆ ನೋಡಿದಾಗ, 6500 ಆರ್‌ಪಿಎಂನಲ್ಲಿ ಮೊದಲು 280 ಮಿ.ಮೀ. ನೀರಿನ ಎತ್ತರದಷ್ಟಿದ್ದ ಒತ್ತಡ 40ಕ್ಕೆ ಇಳಿದಿತ್ತು.

ಮನೆಯ ಕಾರಿಗೆ ಇಷ್ಟು ಬೇಕಿಲ್ಲ. ಬಿಸಿಯಾದ ಎಂಜಿನ್ ಐಡಲ್‌ನಲ್ಲಿರುವಾಗ ಏರ್ ಫಿಲ್ಟರ್ ಕಡೆಯ ಪೈಪನ್ನು ಮುಚ್ಚಿ, ಆಯಿಲ್ ಹಾಕುವ ಬಾಯಿಗೆ ದಪ್ಪ ಕಾಗದವೊಂದನ್ನು ಹಿಡಿಯುತ್ತೇನೆ. ಅದು ಅಂಟಿಕೊಂಡರೆ ಎಳೆತ ಸರಿಯಿದೆ. ಮೇಲಕ್ಕೆ ಹಾರಿದರೆ ವಾಲ್ವ್ ಕಟ್ಟಿಕೊಂಡಿದೆ, ಇಲ್ಲವೇ ರಿಂಗ್ ಸವೆದಿದೆ.